ಉಸಿರು ಬಿಗಿಹಿಡಿದು ತೆಗೆದ ಹೂವುಗಳು

ಹೂವಿನ ಫೋಟೋ ತೆಗೆಯಲು ಹೊರಟವನಿಗೆ ಅವನ ಮೂಗೇ ದೊಡ್ಡ ಅಡ್ಡಿ ಎಂದು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಹೇಳಿದ್ದರೆ ನಾನು ಬೆಟ್ಟದ ಫೋಟೋ ತೆಗೆಯುತ್ತಿದ್ದೆ. ನಮ್ಮ ಕಡೆ ಬೆಟ್ಟಗಳಿಗೆ ಕೊರತೆಯಿಲ್ಲ, ಅವುಗಳ ಹತ್ತಿರ ಮುಖ ಒಯ್ಯಬೇಕಾಗಿಯೂ ಇಲ್ಲ.

ಒಂದು ತಪ್ಪನ್ನು ಒಪ್ಪಿಕೊಳ್ಳಲೆಂದೇ ಇದನ್ನು ಬರೆಯುತ್ತಿದ್ದೇನೆ. ಹೆಂಡತಿಯ ಮುಂದೆ ಒಪ್ಪಿಕೊಂಡಾಗಿದೆ, ಒಂದು ಬಸ್ಸಿನ ಜನರ ಮುಂದೆ ಒಪ್ಪಿಕೊಂಡಾಗಿದೆ, ದೇವರ ಮುಂದೆಯೂ ಆಗಿದೆ. ಉಳಿದವರೆಂದರೆ ಓದುವವರು ಮತ್ತು ಹೊಸದುರ್ಗದ ನಮ್ಮ ಬೀಗರು. ಬೀಗರ ಕೈಗೆ ಇದು ಸಿಗದಿದ್ದರೆ ಸಾಕು.

ನಾನು ಎಸ್ಸೆಸ್ಸೆಲ್ಸಿ ಪಾಸಾಗಿ ರೈಲ್ವೆ ಸೇರಿದವನು. ಚಿಕ್ಕಜಾಜೂರಿನ ಆಸುಪಾಸಿನಲ್ಲಿ ಗೇಟು ಕಾಯುತ್ತಿದ್ದೆ. ನಿವೃತ್ತಿಯಾದ ಮೇಲೆ ಹೊಳಲ್ಕೆರೆಯಲ್ಲಿ ಮನೆ ಕಟ್ಟಿಕೊಂಡು ಮಗ ಸೊಸೆಯ ಜೊತೆ ಇದ್ದೇವೆ. ಮಗ ಪೇಟೆಯಲ್ಲಿ ಪಂಪ್‌ಸೆಟ್ಟಿನ ಮೋಟರು ರಿಪೇರಿ ಮಾಡುತ್ತಾನೆ. ಗೇಟು ಕಾಯುವವನ ಕೆಲಸವೆಲ್ಲ ದೂರ ನೋಡುವುದು. ಹಳಿಯ ಕೊನೆಯಲ್ಲಿ ಚುಕ್ಕೆಯಷ್ಟು ಕಾಣುವ ಎಂಜಿನ್ನನ್ನು ನಾನು ಬೇರೆಯವರಿಗಿಂತ ಮೊದಲೇ ಗುರುತಿಸುತ್ತಿದ್ದೆ. ಆದರೆ ಗೇಟಿನ ಮನೆಯ ಪಕ್ಕದಲ್ಲೇ ಹೆಂಡತಿ ಬೆಳೆಸಿದ್ದ ಹೂಗಿಡಗಳಲ್ಲಿ ಯಾವುದು ಕನಕಾಂಬರ, ಯಾವುದು ಗೋರಂಟೆ ಎಂದು ಕೇಳಿದ್ದರೆ ಕೈಯಲ್ಲಿದ್ದ ಬಾವುಟ ಕೆಳಗಿಡಬೇಕಾಗುತ್ತಿತ್ತು.

ಹತ್ತಿರ ನೋಡುವ ಹುಚ್ಚು ಹತ್ತಿಸಿದವಳು ಸೊಸೆ. ಅವಳು ಹೊಸ ಫೋನು ಕೊಂಡಾಗ ಹಳೆಯದನ್ನು ನನಗೆ ಕೊಟ್ಟಳು. ಜೊತೆಗೆ ಒಂದು ಪುಟ್ಟ ಲೆನ್ಸನ್ನೂ ತರಿಸಿಕೊಟ್ಟಳು. ಬಟ್ಟೆ ಒಣಹಾಕುವ ಕ್ಲಿಪ್ಪಿನ ಹಾಗೆ ಅದು ಫೋನಿಗೆ ಕಚ್ಚಿಕೊಳ್ಳುತ್ತದೆ.

"ಮಾವ, ಇದನ್ನ ಹಾಕ್ಕಂಡು ಹತ್ರದಿಂದ ತೆಗೀರಿ. ಇರುವೆ ಮೀಸೆನೂ ಕಾಣ್ತೈತೆ," ಅಂದಳು.

ಹತ್ತಿರ ಎಂದರೆ ಎಷ್ಟು ಹತ್ತಿರ ಎಂದು ನಾನು ಕೇಳಲಿಲ್ಲ. ಹೂವಿಗೂ ಲೆನ್ಸಿಗೂ ನಡುವೆ ಎರಡು ಬೆರಳು ಹಿಡಿಸುವಷ್ಟು ಜಾಗ ಇದ್ದರೆ ಮಾತ್ರ ಚಿತ್ರ ಸ್ಪಷ್ಟವಾಗುತ್ತದೆ. ಅದಕ್ಕಿಂತ ಹಿಂದೆ ಸರಿದರೆ ಎಲ್ಲವೂ ಮಂಜು. ನನಗೆ ಕನ್ನಡಕ ಬೇರೆ. ಕನ್ನಡಕ ಹಾಕಿದರೆ ಪರದೆಯ ಮೇಲೆ ಬಿಸಿಲಿನ ಹೊಳಪು, ತೆಗೆದರೆ ಪರದೆಯೇ ಕಾಣದು. ಹೀಗಾಗಿ ಫೋನನ್ನು ಕಣ್ಣಿನ ಹತ್ತಿರ, ಕಣ್ಣನ್ನು ಹೂವಿನ ಹತ್ತಿರ ಒಯ್ದು ಒಯ್ದು, ಕೊನೆಗೆ ಮುಖ, ಫೋನು, ಹೂವು ಮೂರೂ ಒಂದೇ ಕಡೆ ಸೇರುತ್ತಿದ್ದವು.

ಅದೇ ಹೊತ್ತಿಗೆ ಮನೆಗೆ ಲ್ಯಾವೆಂಡರ್ ಬಂತು. ಹೊಸದುರ್ಗದ ಬೀಗಿತ್ತಿ, ಅಂದರೆ ಸೊಸೆಯ ತಾಯಿ, ಹಿರಿಯೂರಿನ ಕಡೆ ಯಾವುದೋ ನರ್ಸರಿಯಿಂದ ಎರಡು ಗಿಡ ತಂದು, ಒಂದನ್ನು ತಾವಿಟ್ಟುಕೊಂಡು ಒಂದನ್ನು ಮಗಳ ಕೈಲಿ ನಮಗೆ ಕಳಿಸಿದ್ದರು. ನನ್ನ ಹೆಂಡತಿ ಕುಂಡವನ್ನು ಒಂದು ಸುತ್ತು ಹಾಕಿ ನೋಡಿದಳು.

"ಏನಿದು? ದೇವ್ರಿಗೆ ಹಾಕಾದಾ, ಮುಡ್ಕಳಾದಾ, ಸಾರಿಗೆ ಹಾಕಾದಾ?"

"ಯಾವುದಕ್ಕೂ ಅಲ್ಲ ಅತ್ತೆ. ಸುಮ್ನೆ ನೋಡಾಕೆ," ಅಂದಳು ಸೊಸೆ.

"ಸುಮ್ನೆ ನೋಡಾಕೆ ಮನೆಯಾಗೆ ಇವರಿದ್ದಾರಲ್ಲ," ಎಂದು ನನ್ನ ಕಡೆ ತೋರಿಸಿದಳು. ಆಮೇಲೆ ಒಂದು ಎಲೆಯನ್ನು ಬೆರಳಲ್ಲಿ ಉಜ್ಜಿ, "ಬೀಗಿತ್ತಿ ಸೋಪಿನ ಗಿಡ ಕಳಿಸಾರೆ," ಎಂದು ತೀರ್ಪು ಕೊಟ್ಟಳು. ಅಂದಿನಿಂದ ನಮ್ಮ ಮನೆಯಲ್ಲಿ ಅದು ಸೋಪಿನ ಗಿಡವೇ.

ದೂರದಿಂದ ನೋಡಿದರೆ ಅದರಲ್ಲಿ ನೋಡುವಂಥದ್ದೇನೂ ಇಲ್ಲ. ಬೂದಿ ಉದುರಿಸಿದ ಹಾಗಿರುವ ಎಲೆ, ಉದ್ದ ಕಡ್ಡಿ, ತುದಿಯಲ್ಲಿ ನೇರಳೆ ಬಣ್ಣದ ಒಂದು ಕುಚ್ಚು. ಲೆನ್ಸು ಹಾಕಿ ನೋಡಿದ ದಿನ ಮಾತ್ರ ನಾನು ತಿಂಡಿ ಆರಿ ಹೋಗುವವರೆಗೆ ಏಳಲಿಲ್ಲ. ಎಲೆಯ ಅಂಚು ಗರಗಸದ ಹಾಗೆ ಹಲ್ಲುಹಲ್ಲಾಗಿತ್ತು. ಮೈತುಂಬ ಬಿಳಿಯ ನವಿರು ರೋಮ, ಆಗ ತಾನೇ ಹುಟ್ಟಿದ ಕುರಿಮರಿಯ ಕಿವಿಯ ಮೇಲಿರುವಂಥದ್ದು. ಕುಚ್ಚು ಎಂದುಕೊಂಡದ್ದು ಒಂದು ಹೂವಲ್ಲವೇ ಅಲ್ಲ. ಸಣ್ಣ ಸಣ್ಣ ಕೊಳವೆಗಳು ಸುತ್ತಲೂ ಬಳೆ ತೊಡಿಸಿದ ಹಾಗೆ ಸಾಲಾಗಿ ಕೂತಿದ್ದವು. ಕೆಲವು ಬಾಯಿ ತೆರೆದಿದ್ದವು, ಕೆಲವು ನಾಳೆಗೆಂದು ಬಾಯಿ ಮುಚ್ಚಿಕೊಂಡಿದ್ದವು. ಒಂದು ಕೊಳವೆಯ ಬಾಯಲ್ಲಿ ಇರುವೆಯೊಂದು ಅರ್ಧ ಒಳಗೆ ಅರ್ಧ ಹೊರಗೆ ನಿಂತು ಯೋಚಿಸುತ್ತಿತ್ತು.

ನಮ್ಮ ಕಡೆಯ ಗಾಳಿ ಹೂವಿನ ಫೋಟೋ ತೆಗೆಯುವವರನ್ನು ಗಮನದಲ್ಲಿಟ್ಟುಕೊಂಡು ಬೀಸುವುದಿಲ್ಲ. ಆಷಾಢದಲ್ಲಂತೂ ಕಡ್ಡಿ ನಿಂತಲ್ಲಿ ನಿಲ್ಲದು. ಪೊರಕೆ ಕಡ್ಡಿ ನೆಟ್ಟು ದಾರದಲ್ಲಿ ಹೂವಿನ ಕಡ್ಡಿಯನ್ನು ಅದಕ್ಕೆ ಸಡಿಲವಾಗಿ ಕಟ್ಟುವುದನ್ನು ಕಲಿತೆ. ಹಿಂದೆ ಕಪ್ಪು ಛತ್ರಿ ಬಿಚ್ಚಿಟ್ಟರೆ ಬಣ್ಣ ಎದ್ದು ಕಾಣುತ್ತದೆ ಎಂದು ಕಲಿತೆ. ಕೆಳಗೆ ಬಿಳಿ ಪಂಚೆ ಹಾಸಿದರೆ ಹೂವಿನ ಹೊಟ್ಟೆಗೂ ಬೆಳಕು ಬೀಳುತ್ತದೆ ಎಂದೂ ಕಲಿತೆ.

"ಹೂವಿಗೆ ಪಂಚೆ ಉಡಿಸಾದು, ಛತ್ರಿ ಹಿಡಿಯಾದು. ಮದ್ವೆ ಯಾವಾಗ?" ಎಂದು ಹೆಂಡತಿ ಅಡುಗೆಮನೆಯ ಕಿಟಕಿಯಿಂದ ಕೇಳುತ್ತಿದ್ದಳು.

ಇಲ್ಲಿಯವರೆಗೆ ಯಾವ ತಪ್ಪೂ ಇಲ್ಲ. ತಪ್ಪು ಶುರುವಾದದ್ದು ಲ್ಯಾವೆಂಡರ್ ಬಿಟ್ಟು ನಾನು ಪಕ್ಕದ ದಾಸವಾಳಕ್ಕೆ ತಿರುಗಿದಾಗ.

ನನ್ನ ಹೆಂಡತಿಗೆ ದೇವರ ಹೂವಿನ ವಿಷಯದಲ್ಲಿ ಅವಳ ತಾಯಿ ಕಲಿಸಿದ ಕಟ್ಟುನಿಟ್ಟಿದೆ. ಸ್ನಾನ ಮಾಡಿಯೇ ಬಿಡಿಸಬೇಕು, ನೆಲಕ್ಕೆ ಬಿದ್ದದ್ದು ಬಾರದು. ಎಲ್ಲಕ್ಕಿಂತ ಮೊದಲು, ಮೂಸಿದ ಹೂವು ಬಾರದು. ಮನುಷ್ಯ ಮೂಸಿದ ಹೂವು ಎಂಜಲಿಗೆ ಸಮ. ಹೂವಿನ ವಾಸನೆ ಮೊದಲು ದೇವರಿಗೆ ಸೇರಬೇಕು, ಆಮೇಲೆ ಪ್ರಸಾದವಾಗಿ ನಮಗೆ. ಇದು ನನಗೂ ಚಿಕ್ಕಂದಿನಿಂದ ಗೊತ್ತಿದ್ದದ್ದೇ. ದಾಸವಾಳದ ಎದುರು ನಾನು ಮಂಡಿಯೂರಿ ಕೂತದ್ದನ್ನು ಅವಳು ಮೊದಲ ಸಲ ಕಂಡಾಗ ಕೈಯಲ್ಲಿದ್ದ ಚೊಂಬು ಹಾಗೇ ನಿಂತಿತು.

"ರೀ, ಅದು ಗುಡಿ ಅಮ್ಮಂಗೆ ಹೋಗಾ ಹೂವು."

"ಫೋಟೋ ತೆಗಿಯಾಕತ್ತೀನಿ ಕಣೆ. ಮೂಸ್ತಿಲ್ಲ."

"ಮೂಗು ಎಲ್ಲೈತೆ ನೋಡ್ಕಳ್ರಿ."

"ಉಸಿರು ಬಿಗಿ ಹಿಡ್ಕಂಡೀನಿ."

ಅದು ಸುಳ್ಳಲ್ಲ. ಹತ್ತಿರದ ಫೋಟೋ ತೆಗೆಯುವಾಗ ಉಸಿರಾಡಿದರೂ ಕೈ ಅಲುಗುತ್ತದೆ, ಕೈ ಅಲುಗಿದರೆ ಚಿತ್ರ ಕೆಡುತ್ತದೆ. ಉಸಿರು ಬಿಗಿಹಿಡಿಯದೆ ಗತಿಯೇ ಇಲ್ಲ. ಆದರೆ ಬಿಗಿಹಿಡಿದ ಉಸಿರನ್ನು ಎಲ್ಲಿಯೋ ಒಂದು ಕಡೆ ಬಿಡಬೇಕಲ್ಲ. ಬಿಟ್ಟ ಮೇಲೆ ಎಳೆದುಕೊಳ್ಳಲೂ ಬೇಕಲ್ಲ. ಬಟನ್ ಒತ್ತಿದ ಮರುಗಳಿಗೆಯಲ್ಲಿ ನನ್ನ ಮುದಿ ಎದೆ ತಿದಿಯ ಹಾಗೆ ಗಾಳಿ ಎಳೆಯುತ್ತಿತ್ತು, ಮೂಗು ಮಾತ್ರ ಇನ್ನೂ ಹೂವಿನ ಬಳಿಯೇ ಇರುತ್ತಿತ್ತು. ಸುಮ್ಮನೆ ದಾರಿಯಲ್ಲಿ ಹೋಗುವವನು ಒಂದು ಹೂವನ್ನು ಮೂಸಿದರೆ ಎಷ್ಟು ಮೂಸಿಯಾನು? ನಾನು ಮಾತ್ರ ಪ್ರತಿ ಹೂವನ್ನೂ ಬುಡದವರೆಗೆ ಎಳೆದುಕೊಳ್ಳುತ್ತಿದ್ದೆ. ಎಷ್ಟು ನಿಯತ್ತಾಗಿ ಉಸಿರು ಹಿಡಿದೆನೋ ಅಷ್ಟೇ ಹೆಚ್ಚು ಮೂಸಿದೆ.

ಇದು ಅವಳಿಗೆ ತಿಳಿಯಲಿಲ್ಲ. ನಾನು ತಿಳಿಸಲಿಲ್ಲ.

ಆ ವರ್ಷ ಸೊಸೆ ಬಸುರಿಯಾದಳು. ಅದಕ್ಕೂ ಮೊದಲು ಒಂದು ಸಲ ಆದ ಬಸುರು ಉಳಿದಿರಲಿಲ್ಲ. ಅದರ ಬಗ್ಗೆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ, ಆದರೆ ಎಲ್ಲರೂ ಅವಳ ಕಾಲ ಕೆಳಗಿನ ನೆಲವನ್ನು ನೋಡಿಕೊಂಡು ಓಡಾಡುತ್ತಿದ್ದೆವು. ನನ್ನ ಹೆಂಡತಿ ಬೀದಿಯ ತುದಿಯ ಅಮ್ಮನ ಗುಡಿಗೆ ಹೋಗಿ ಹರಕೆ ಹೊತ್ತು ಬಂದಳು. ಹೆರಿಗೆಯಾಗುವವರೆಗೆ ದಿನವೂ ನಮ್ಮ ಹಿತ್ತಲಿನದೇ ಹೂವು, ಕೊಂಡದ್ದಲ್ಲ, ಒಬ್ಬರ ಮೂಗೂ ತಾಗದ ಹೂವು. ಅಲ್ಲಿಯವರೆಗೆ ತಾನೂ ಹಿತ್ತಲಿನ ಹೂವು ಮುಡಿಯುವುದಿಲ್ಲ ಎಂದೂ ಸೇರಿಸಿದಳು. ಬಂದವಳೇ ಹಿತ್ತಲನ್ನು ಪಾಲು ಮಾಡಿದಳು. ದಾಸವಾಳ, ನಂದಿಬಟ್ಟಲು, ಕನಕಾಂಬರ, ಮಲ್ಲಿಗೆ, ಸೇವಂತಿಗೆ, ಗೋರಂಟೆ ಅಮ್ಮನಿಗೆ. ಸೋಪಿನ ಗಿಡ ಮತ್ತು ಕಾಂಪೌಂಡಿನ ಕಾಗದದ ಹೂವು ನನಗೆ.

"ನಿಮ್ಮ ಪಾಲಿಗೆ ಬಂದದ್ದು ನೀವು ನೋಡ್ರಿ, ಮೂಸ್ರಿ, ಬೇಕಾದ್ರೆ ತಿನ್ರಿ. ಆ ಕಡೆ ಮಾತ್ರ ಹೋಗಬೇಡ್ರಿ."

"ಉಸಿರು ಹಿಡ್ಕಂಡು ಒಂದೊಂದು ತೆಗೀತೀನಿ," ಅಂದೆ.

ಅವಳು ನನ್ನ ಮುಖ ನೋಡಿದಳು. "ಮೂಸಾದಿಲ್ಲ ತಾನೆ?"

"ಇಲ್ಲ."

"ಹಂಗಾದ್ರೆ ತೆಗೀರಿ," ಅಂದಳು. ನನ್ನ ಮಾತನ್ನು ಅವಳು ಅಷ್ಟು ಸಲೀಸಾಗಿ ನಂಬಿದಳು. ಅವಳ ಹರಕೆ ಅಂದಿನಿಂದ ನನ್ನ ಆ ಒಂದು ಮಾತಿನ ಮೇಲೆ ನಿಂತಿತು.

ಬೆಳಿಗ್ಗೆ ಅವಳು ಹೂವು ಬಿಡಿಸುವ ಮೊದಲು ಸ್ನಾನಕ್ಕೆ ಹೋಗುತ್ತಾಳೆ. ಬಚ್ಚಲಿನಿಂದ ಚೊಂಬು ಹಂಡೆಗೆ ತಾಗುವ ಸದ್ದು ಕೇಳುತ್ತಿರುವಷ್ಟು ಹೊತ್ತು ಹಿತ್ತಲು ನನ್ನದು. ದಾಸವಾಳ ಆಗ ತಾನೇ ಮಡಿಕೆ ಬಿಚ್ಚುತ್ತಿರುತ್ತದೆ, ಎಸಳಿನ ಮೇಲೆ ಇಸ್ತ್ರಿ ಮಾಡದ ಬಟ್ಟೆಯ ಸುಕ್ಕು ಇರುತ್ತದೆ. ಅದರ ನಡುವಿನ ದಂಡಿನ ತುದಿಯಲ್ಲಿ ಐದು ಕೆಂಪು ಮಕಮಲ್ಲಿನ ಗುಂಡಿಗಳಿವೆ, ಕೆಳಗೆ ಹಳದಿ ಪುಡಿ ಹೊತ್ತ ಸಣ್ಣ ಸೂಜಿಗಳಿವೆ. ಗೋರಂಟೆಯ ಎಸಳಿನ ಗೆರೆಗಳು ಅಂಗೈಯ ಗೆರೆಗಳ ಹಾಗಿವೆ. ನಂದಿಬಟ್ಟಲಿನ ಐದು ಎಸಳು ಒಂದೇ ಕಡೆ ವಾಲಿಕೊಂಡು ಈಗಲೇ ತಿರುಗಲು ಶುರುಮಾಡುವ ಫ್ಯಾನಿನಂತಿರುತ್ತವೆ. ಇವನ್ನೆಲ್ಲ ಬಿಟ್ಟು ಕಾಗದದ ಹೂವಿನ ಮುಂದೆ ಕೂರುವುದು ಹೇಗೆ?

ಚೊಂಬಿನ ಸದ್ದು ನಿಂತೊಡನೆ, ನಾನು ಉಸಿರು ಎಳೆಯುವುದು ಅವಳ ಕಣ್ಣಿಗೆ ಬೀಳದಿರಲೆಂದು, ಲ್ಯಾವೆಂಡರ್ ಕುಂಡದ ಮುಂದೆ ಹೋಗಿ ಕೂರುತ್ತಿದ್ದೆ. ಅವಳು ಒದ್ದೆ ಕೂದಲಿಗೆ ಬಟ್ಟೆ ಸುತ್ತಿಕೊಂಡು ಬಂದಾಗ ನಾನು ಅಲ್ಲಿ ಧ್ಯಾನಸ್ಥ.

"ಇನ್ನೂ ಸೋಪಿನ ಗಿಡದ ಮುಂದೇನೆ? ಬೀಗಿತ್ತಿಗೆ ಹೇಳಿ ಕಳಿಸ್ತೀನಿ, ನಿಮ್ಮ ಗಿಡ ನಿಮ್ಮ ಬೀಗರಿಗೆ ಮದ್ದು ಹಾಕೈತೆ ಅಂತ," ಅನ್ನುವಳು. ಆಮೇಲೆ ಬುಟ್ಟಿ ಹಿಡಿದು ದಾಸವಾಳದ ಕಡೆ ಹೋಗುತ್ತಾ, "ಒಂದನ್ನೂ ಮೂಸಿಲ್ಲ ತಾನೆ?" ಎಂದು ಕೇಳುವಳು. ನಾನು ಇಲ್ಲ ಅನ್ನುವೆನು. ಒಮ್ಮೊಮ್ಮೆ ನನ್ನ ಮೂಗಿನ ತುದಿಯಲ್ಲಿ ದಾಸವಾಳದ ಹಳದಿ ಪುಡಿ ಇರುತ್ತಿತ್ತು, ಅದನ್ನು ಪಂಚೆಯಲ್ಲಿ ಒರೆಸಿಕೊಂಡೇ ಇಲ್ಲ ಅನ್ನುತ್ತಿದ್ದೆ.

ಮನೆಯವರ ವಾಟ್ಸಾಪ್ ಗುಂಪಿಗೆ ಲ್ಯಾವೆಂಡರ್ ಫೋಟೋ ಮಾತ್ರ ಕಳಿಸುತ್ತಿದ್ದೆ. ಬೇರೆ ಹೂವಿನ ಚಿತ್ರಗಳನ್ನು ನೋಡಿದರೆ ಸಾಕು, ನಾನು ಎಷ್ಟು ಹತ್ತಿರ ಹೋಗಿದ್ದೆ ಎಂದು ಯಾರಿಗಾದರೂ ಗೊತ್ತಾಗುವಂತಿತ್ತು. ಬೀಗಿತ್ತಿ ಒಮ್ಮೆ ಗುಂಪಿನಲ್ಲೇ ಮಾತಾಡಿ ಕಳಿಸಿದರು: "ಬೀಗರೇ, ದಿನಾ ಒಂದೇ ಗಿಡಾನ ಎಷ್ಟು ಅಂತ ತೋರಿಸ್ತೀರಿ? ನಮ್ಮ ಮಗಳನ್ನ ಕೊಟ್ಟಾಗ್ಲೂ ನೀವು ಇಷ್ಟು ಹತ್ರದಿಂದ ನೋಡಿರ್ಲಿಲ್ಲ." ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಒಳಗೆ ಹಾಯಾಗಿರಲಿಲ್ಲ. ಸೊಸೆಯ ಹೊಟ್ಟೆ ಬೆಳೆದಷ್ಟೂ ನನ್ನ ಸುಳ್ಳೂ ಬೆಳೆಯುತ್ತಿತ್ತು. ನಿಲ್ಲಿಸಬೇಕೆಂದು ಎಷ್ಟೋ ರಾತ್ರಿ ನಿರ್ಧರಿಸಿದೆ. ಬೆಳಗಾಗುತ್ತಿತ್ತು, ಚೊಂಬಿನ ಸದ್ದು ಕೇಳುತ್ತಿತ್ತು.

ಸೀಮಂತವಾಗಿ ಸೊಸೆ ಹೆರಿಗೆಗೆಂದು ಹೊಸದುರ್ಗದ ತವರಿಗೆ ಹೋದಳು. ಒಂದು ಬೆಳಿಗ್ಗೆ ನೋವು ಶುರುವಾಗಿದೆ, ಆಸ್ಪತ್ರೆಗೆ ಸೇರಿಸಿದ್ದೇವೆ ಎಂದು ಬೀಗಿತ್ತಿ ಫೋನು ಮಾಡಿದರು. ಮಗ ಬೈಕು ಹತ್ತಿ ಮೊದಲೇ ಹೋದ. ನನ್ನ ಹೆಂಡತಿ ಗಾಬರಿಯಲ್ಲೂ ಸ್ನಾನ ಮಾಡಿದಳು, ಹಿತ್ತಲಿನ ಹೂವು ಅಷ್ಟೂ ಬಿಡಿಸಿದಳು, ಮಲ್ಲಿಗೆ ಕನಕಾಂಬರ ಸೇರಿಸಿ ಬೇಗ ಬೇಗ ಒಂದು ಮಾರು ಮಾಲೆ ಕಟ್ಟಿ ಬುಟ್ಟಿಯಲ್ಲಿಟ್ಟು ಒದ್ದೆ ಬಟ್ಟೆ ಮುಚ್ಚಿದಳು. ಹರಕೆಯ ಕೊನೆಯ ಹೂವನ್ನು ಆಸ್ಪತ್ರೆಯ ಬಾಗಿಲಲ್ಲಿ ದೇವರ ಪಟವಿದ್ದರೆ ಅಲ್ಲೇ ಹಾಕುತ್ತೇನೆ ಅಂದಳು. ಅವಳು ಸ್ನಾನಕ್ಕೆ ಹೋಗಿದ್ದ ಅಷ್ಟು ಹೊತ್ತಿನಲ್ಲಿ ನಾನು ಏನು ಮಾಡುತ್ತಿದ್ದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಗಾಬರಿಯಾಗಿತ್ತು ನಿಜ. ಆದರೆ ಗಾಬರಿಯಾದರೆ ಕೈಗಳು ಅಭ್ಯಾಸವಾದ ಕೆಲಸವನ್ನೇ ಹುಡುಕಿಕೊಂಡು ಹೋಗುತ್ತವೆ.

ಹೊಸದುರ್ಗದ ಬಸ್ಸಿನಲ್ಲಿ ನಮ್ಮ ಪಕ್ಕದ ಸೀಟಿನಲ್ಲಿ ಕಂಬಳಿ ಹೊದ್ದ ಒಬ್ಬ ಕುರಿಗಾಹಿ ಕೂತಿದ್ದ. ಅವನ ತೋಳಿನಲ್ಲಿ ಒಂದು ಕುರಿಮರಿ. ಬಸ್ಸು ತಿರುವಿನಲ್ಲಿ ವಾಲಿದಾಗಲೆಲ್ಲ ಮರಿ ಕತ್ತು ಚಾಚಿ ಬುಟ್ಟಿಯ ಕಡೆ ಬರುತ್ತಿತ್ತು.

"ಏನಪ್ಪ, ಮರೀನ ಆ ಕಡೆ ಹಿಡ್ಕ," ಅಂದಳು ನನ್ನ ಹೆಂಡತಿ. "ಮೂಸಿಬಿಟ್ರೆ ದೇವ್ರಿಗೆ ಬರಾದಿಲ್ಲ."

"ಮರಿಗೇನ್ ಗೊತ್ತಾಗ್ತೈತವ್ವ."

"ಗೊತ್ತು ಮಾಡ್ಸಿದ್ರೆ ಗೊತ್ತಾಗ್ತೈತೆ. ಇವ್ರನ್ನ ನೋಡು, ನಮ್ಮನೆಯೋರು. ಈ ವಯಸ್ನಾಗೆ ದಿನಾ ಹೂವಿನ ಫೋಟೋ ತೆಗೀತಾರೆ, ಇಷ್ಟು ಹತ್ರ ಹೋಗಿ. ಉಸಿರು ಬಿಗಿ ಹಿಡ್ಕಂಡು ತೆಗೀತಾರಪ್ಪ. ಸೊಸೆ ಬಸುರಿ ಅಂದಾಗಿಂದ ಒಂದಿನ ಒಂದು ಹೂವು ಮೂಸಿದೋರಲ್ಲ. ಗಂಡಸ್ರಿಗೆ ಅಷ್ಟು ನೇಮ ಎಲ್ಲಿರ್ತೈತೆ ಹೇಳು?"

ಕುರಿಗಾಹಿ ನನ್ನ ಕಡೆ ತಿರುಗಿ, "ದೊಡ್ಡೋರು ಬಿಡ್ರಿ," ಅಂದ. ನಿಜವಾದ ಗೌರವದಿಂದಲೇ ಅಂದ. ಮದುವೆಯಾಗಿ ಇಷ್ಟು ವರ್ಷದಲ್ಲಿ ನನ್ನ ಹೆಂಡತಿ ಹೊರಗಿನವರೆದುರು ನನ್ನನ್ನು ಹೊಗಳಿದ್ದು ನಾನು ಕೇಳಿರಲಿಲ್ಲ. ಸಿಕ್ಕಿಬಿದ್ದಿದ್ದರೆ ಏನಾದರೊಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಹೊಗಳಿಕೆಯಿಂದ ತಪ್ಪಿಸಿಕೊಳ್ಳಲು ದಾರಿ ಕಾಣಲಿಲ್ಲ.

"ಲೇ," ಅಂದೆ. "ಮೂಸೀನಿ."

"ಏನ್ ಮೂಸೀರಿ?"

"ಹೂವ."

"ಯಾವ ಹೂವ?"

"ಎಲ್ಲವ. ದಿನಾಲೂ. ನೀನು ಸ್ನಾನಕ್ಕೆ ಹೋದಾಗ."

ಅವಳು ಬುಟ್ಟಿಯ ಮೇಲಿನ ಬಟ್ಟೆ ಸರಿಸಿ ಒಳಗೆ ನೋಡಿದಳು, ಹೂವುಗಳೇ ಏನಾದರೂ ಹೇಳುತ್ತವೆಯೋ ಎಂಬಂತೆ.

"ಇವತ್ತೂ?"

"ಇವತ್ತೂ."

"ಕನಕಾಂಬರನೂ?"

"ಅದಕ್ಕೆ ವಾಸನೆನೇ ಇಲ್ಲ ಕಣೆ."

"ವಾಸನೆ ಇಲ್ಲ ಅಂತ ಮೂಸದೆ ಹೆಂಗೆ ಗೊತ್ತಾತು?"

ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕೆಂದರು. ಕುರಿಗಾಹಿಗೆ ನನ್ನ ಮೇಲೆ ಕನಿಕರ ಬಂತು. "ಹೋಗ್ಲಿ ಬಿಡವ್ವ. ಜೇನ್ನೊಣ ಕುಂತು ಎದ್ದು ಹೋಗಿರ್ತೈತೆ, ಇರುವೆ ಹರಿದಾಡಿರ್ತವೆ. ದೇವ್ರು ಅದನ್ನೆಲ್ಲ ನೋಡ್ಕಂತ ಕುಂತ್ರೆ ಆಗ್ತೈತಾ?"

"ಜೇನ್ನೊಣ ಮನೆಗೆ ಬಂದು ಸುಳ್ಳು ಹೇಳಲ್ಲ ಕಣಪ್ಪ," ಅಂದಳು ಅವಳು.

ಕುರಿಗಾಹಿ ಮರಿಯನ್ನು ಇನ್ನೊಂದು ತೋಳಿಗೆ ಬದಲಿಸಿಕೊಂಡ. ಅಷ್ಟರಲ್ಲಿ ಕಂಡಕ್ಟರ್ ಬಂದು ನಮ್ಮ ಸೀಟಿನ ಕಂಬಿಗೆ ಒರಗಿ ನಿಂತ. "ಅಜ್ಜಾರೆ, ಟಿಕೆಟ್ ತಗಂಡೀನಿ ಅಂದ್ರಲ್ಲ, ಅದೂ ಹಿಂಗೇನಾ? ಒಂದ್ಸಲ ತೋರಿಸ್ರಿ," ಅಂದ. ಇಡೀ ಬಸ್ಸು ನಕ್ಕಿತು. ನಾನು ಟಿಕೆಟ್ ತೋರಿಸಿದೆ.

ನಗು ಅಡಗಿದ ಮೇಲೆ ಅವಳು ನನಗೊಬ್ಬನಿಗೇ ಕೇಳುವ ಹಾಗೆ, "ಅಲ್ಲಿ ಹುಡುಗಿಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಾನು ಯಾರನ್ನ ಕೇಳ್ಲಿ?" ಅಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಆಮೇಲೆ ಮಾಲೆಯನ್ನು ಕೈಗೆತ್ತಿಕೊಂಡು ಗೇಣುದ್ದಕ್ಕೆ ಕಿತ್ತು, ಹಿಂದೆ ಮುಂದೆ ಕೂತ ಹೆಂಗಸರಿಗೆಲ್ಲ ಕೊಡತೊಡಗಿದಳು. "ಮುಡ್ಕಳ್ರವ್ವ, ಮೂಸಿದ ಹೂವು, ಮನುಷ್ಯರಿಗೆ ಬರ್ತೈತೆ." ತಾಳ್ಯದ ಕಡೆಯ ಒಬ್ಬ ಮುದುಕಿ, "ಇಷ್ಟು ಚಂದ ಕಟ್ಟೀಯ, ಯಜಮಾನ್ರು ನಾಳೆನೂ ಮೂಸ್ಲಿ," ಎನ್ನುತ್ತಾ ಸಿಕ್ಕಿಸಿಕೊಂಡಳು. ಸೇವಂತಿಗೆಯನ್ನು ಕಾಲೇಜಿನ ಹುಡುಗಿಯರು ಹಂಚಿಕೊಂಡರು. ಉಳಿದ ದಾಸವಾಳವನ್ನು ಮುಡಿಯುವವರಿಲ್ಲದೆ ಕುರಿಮರಿಗೇ ಹಾಕಿದಳು. ಅದು ಮೂಸದೆ ತಿಂದಿತು. ಹೊಸದುರ್ಗದಲ್ಲಿ ಬಸ್ಸು ಇಳಿದ ಹೆಂಗಸರೆಲ್ಲ ಮದುವೆ ಮನೆಯಿಂದ ಬಂದವರ ಹಾಗಿದ್ದರು. ನಾವಿಬ್ಬರು ಖಾಲಿ ಬುಟ್ಟಿ ಹಿಡಿದು ಆಸ್ಪತ್ರೆಯ ಕಡೆ ನಡೆದೆವು.

ಬೀಗಿತ್ತಿ ವರಾಂಡದಲ್ಲಿ ಎದುರಾದರು. ಇನ್ನೂ ಹೊತ್ತಾಗುತ್ತದಂತೆ, ಡಾಕ್ಟರು ನೋಡುತ್ತಿದ್ದಾರೆ, ಗಾಬರಿ ಬೇಡ ಅಂದರು. ಬುಟ್ಟಿಯನ್ನು ನೋಡಿ, "ಇದೇನು ಬೀಗಿತ್ತಿ, ದಿನಾ ಹೂವು ಹೂವು ಅಂತಿದ್ರಿ, ಇವತ್ತು ಖಾಲಿ?" ಎಂದು ಕೇಳಿದರು.

ನಾನು ತಲೆ ತಗ್ಗಿಸಿದೆ. ಬೀಗರ ಮುಂದೆ ಮಾನ ಹೋದರೆ ಮೊಮ್ಮಗುವಿನ ಮದುವೆಯವರೆಗೂ ಅದರ ಮಾತೇ ನಡೆಯುತ್ತದೆ.

"ಬಸ್ನಾಗೆ ಹೆಣ್ಮಕ್ಕಳು ಕೇಳಿದ್ರು, ಮುಡಿಸಿಬಿಟ್ಟೆ. ಮುತ್ತೈದೇರಿಗೆ ಇಲ್ಲ ಅನ್ನಬಾರ್ದು," ಅಂದಳು ನನ್ನ ಹೆಂಡತಿ. ನನ್ನ ಕಡೆ ನೋಡಲೂ ಇಲ್ಲ. ಅರ್ಧ ಗಂಟೆಯ ಹಿಂದೆ ಸುಳ್ಳು ಹೇಳಿದೆನೆಂದು ನನ್ನನ್ನು ಬಸ್ಸಿನ ತುಂಬ ಬೈದವಳು ನನಗಾಗಿ ಅರ್ಧ ಸುಳ್ಳು ಹೇಳಿದ್ದಳು. ಅದು ನನ್ನನ್ನು ಬೈಗುಳಕ್ಕಿಂತ ಹೆಚ್ಚು ಕುಗ್ಗಿಸಿತು.

ವರಾಂಡದ ಕೊನೆಯಲ್ಲಿ ಗೋಡೆಗೆ ಒಂದು ದೇವಿಯ ಪಟವಿತ್ತು. ಬೀಗಿತ್ತಿ ಒಳಗೆ ಹೋದೊಡನೆ ಅವಳು ನನ್ನ ತೋಳು ಹಿಡಿದು ಅದರ ಮುಂದೆ ನಿಲ್ಲಿಸಿದಳು.

"ಹೂವಿಲ್ಲ. ಯಾಕಿಲ್ಲ ಅಂತ ನೀವೇ ಹೇಳ್ರಿ."

ನಾನು ಕೈ ಮುಗಿದು ಶುರುಮಾಡಿದೆ. "ತಾಯಿ, ಉಸಿರು ಹಿಡಿದೇ ತೆಗೀತಿದ್ದೆ. ಆದ್ರೆ ಬಟನ್ ಒತ್ತಿದ ಮೇಲೆ ಉಸಿರು..."

"ಅದೆಲ್ಲ ಬ್ಯಾಡ. ತಪ್ಪು ಅಷ್ಟೇ ಹೇಳ್ರಿ."

"ಮೂಸಿದೆ. ಮೂಸಿಲ್ಲ ಅಂತ ಹೇಳಿದೆ. ಇವಳಿಗೆ ಗೊತ್ತಿರ್ಲಿಲ್ಲ. ತಪ್ಪು ನಂದು, ಏನಿದ್ರೂ ನನ್ನ ಮೇಲೆ ಹಾಕು, ಆ ಹುಡುಗಿ ಮೇಲೆ..."

"ಮೆಲ್ಲಗೆ ಹೇಳ್ರಿ, ಬೀಗಿತ್ತಿ ಕೇಳಿಸ್ಕಂಡಾರು," ಅಂದಳು. ಅವಳ ಕಣ್ಣು ತುಂಬಿತ್ತು. ನನ್ನ ತೋಳನ್ನು ಮಾತ್ರ ಬಿಟ್ಟಿರಲಿಲ್ಲ.

ಮಧ್ಯಾಹ್ನ ಜಾರಿತು. ಮಗ ಹೊರಗೆ ಹೋಗಿ ಚಹಾ ತಂದ, ಯಾರೂ ಕುಡಿಯಲಿಲ್ಲ. ಬೆಂಚಿನ ಮೇಲೆ ಅವಳು ಒಂದು ತುದಿ, ನಾನೊಂದು ತುದಿ. ಬಹಳ ಹೊತ್ತಿನ ಮೇಲೆ ಅವಳೇ, "ಅದೇನು ಅಷ್ಟು ಕಂಡ್ರಿ, ತೋರಿಸ್ರಿ," ಅಂದಳು. ಯಾರಿಗೂ ತೋರಿಸದ ಚಿತ್ರಗಳನ್ನು ತೆಗೆದು ಫೋನು ಅವಳ ಕೈಗೆ ಕೊಟ್ಟೆ. ಅವಳು ಒಂದೊಂದಾಗಿ ಸರಿಸಿದಳು. ದಾಸವಾಳದ ದಂಡಿನ ಬಳಿ ನಿಂತಳು.

"ಇದು ನಮ್ದಾ?"

"ಬಚ್ಚಲ ಪಕ್ಕದ ಗಿಡದ್ದು."

"ದಿನಾ ಬಿಡಿಸ್ತೀನಿ. ಹಿಂಗೈತೆ ಅಂತ ಗೊತ್ತೇ ಇರ್ಲಿಲ್ಲ." ಮತ್ತೆ ಸ್ವಲ್ಪ ಹೊತ್ತು ನೋಡಿದಳು. ನನಗೆ ಒಳಗೊಳಗೇ ಸ್ವಲ್ಪ ಆಸೆ ಹುಟ್ಟಿತು. ಅದನ್ನು ಕಂಡವಳಂತೆ ಅವಳು ಫೋನು ವಾಪಸು ಕೊಟ್ಟು, "ಇಷ್ಟು ಚಂದ ಇರಾದಕ್ಕೇ ಅಮ್ಮಂಗೆ ಮೊದ್ಲು ಕೊಡಬೇಕು ಅನ್ನಾದು," ಅಂದಳು.

ಸಂಜೆಗೆ ನರ್ಸು ಬಾಗಿಲು ತೆರೆದು ಹೆಣ್ಣು ಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಅಂದರು. ಬೀಗಿತ್ತಿ ನನ್ನ ಹೆಂಡತಿಯನ್ನು ಅಪ್ಪಿಕೊಂಡರು. ಮಗ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡ. ನನ್ನ ಎದೆಯ ಮೇಲಿಂದ ಒಂದು ಗೂಡ್ಸು ಗಾಡಿ ದಾಟಿ ಹೋದ ಹಾಗಾಯಿತು. ಆ ಸಂತೋಷದಲ್ಲಿ ನಾಲಿಗೆ ಸುಮ್ಮನಿರಲಿಲ್ಲ. ಅವಳ ಕಿವಿಯ ಬಳಿ ಹೋಗಿ, "ನೋಡಿದ್ಯಾ, ಅಮ್ಮ ಮೂಸಿದ ಹೂವನ್ನೂ ಒಪ್ಕಂಡ್ಲು," ಅಂದೆ.

"ಅದು ಅಮ್ಮನ ದೊಡ್ಡತನ," ಅಂದಳು. "ನಿಮ್ಮ ಹೆಸ್ರಿಗೆ ಬರ್ಕಬ್ಯಾಡ್ರಿ. ಹರಕೆ ನನ್ನ ತಲೆ ಮೇಲೆ ಹಂಗೇ ಐತೆ. ನಾಳೆಯಿಂದ ಮೊದಲಿಂದ ಶುರು. ಈ ಸಲ ಬಿಡಿಸಾದು ನೀವು."

ಹಾಗಾಗಿ ಈಗ ನಸುಕಿನಲ್ಲಿ ಮೊದಲು ಸ್ನಾನ ಮಾಡುವವನು ನಾನು. ಫೋನು ಒಳಗೆ ಬೀರುವಿನಲ್ಲಿರುತ್ತದೆ. ಮೂಗಿನ ಮೇಲೆ ಒಂದು ಟವೆಲ್ಲು ಕಟ್ಟಿಕೊಂಡು ಬುಟ್ಟಿ ಹಿಡಿದು ಹಿತ್ತಲಿಗೆ ಇಳಿದರೆ ಪಕ್ಕದ ಮನೆಯವರು ಮೊದಮೊದಲು ಕಳ್ಳನೆಂದುಕೊಂಡರು, ಈಗ ಅಭ್ಯಾಸವಾಗಿದೆ. ಹೂವನ್ನು ನೋಡುವುದಕ್ಕೂ ಬಿಡಿಸುವುದಕ್ಕೂ ಬಹಳ ವ್ಯತ್ಯಾಸವಿದೆ ಎಂದು ಈಗ ತಿಳಿಯುತ್ತಿದೆ. ನಂದಿಬಟ್ಟಲಿನ ತೊಟ್ಟು ಮುರಿದರೆ ಬೆರಳಿಗೆ ಹಾಲು ಅಂಟುತ್ತದೆ. ಗೋರಂಟೆಯ ಮುಳ್ಳು ಯಾವ ಚಿತ್ರದಲ್ಲೂ ನನ್ನನ್ನು ಚುಚ್ಚಿರಲಿಲ್ಲ. ಪೂಜೆಯಾದ ಮೇಲೆ ಫೋನು ಸಿಗುತ್ತದೆ, ಲ್ಯಾವೆಂಡರ್ ಮುಂದೆ ಹೋಗಿ ಕೂರುತ್ತೇನೆ, ಈಗ ಯಾವ ಸದ್ದಿಗೂ ಕಿವಿಗೊಡದೆ. ಬಿಸಿಲು ಏರಿದ ಮೇಲೆ ಅದರ ರೋಮಗಳು ಇನ್ನೂ ಚೆನ್ನಾಗಿ ಹೊಳೆಯುತ್ತವೆ ಎಂಬುದನ್ನು ಹೊಸದಾಗಿ ಕಂಡುಕೊಂಡಿದ್ದೇನೆ.

ಮೂಸಿದ್ರಾ ಎಂದು ಅವಳು ಈಗ ಕೇಳುವುದಿಲ್ಲ. ಕೇಳದೆ ಇರುವುದು ಕೇಳುವುದಕ್ಕಿಂತ ಭಾರ. ಅದಕ್ಕೆ ನಾನೇ ಮೊದಲು ಹೇಳಿಬಿಡುತ್ತೇನೆ. ಮೊನ್ನೆ ಮಲ್ಲಿಗೆ ಬಿಡಿಸುವಾಗ ಟವೆಲ್ಲು ಜಾರಿತು. ಬುಟ್ಟಿಯನ್ನು ಅವಳ ಮುಂದೆ ಇಡುತ್ತಾ, "ಮೇಲಿನ ಆ ಮಲ್ಲಿಗೆ ಮೂಸಿದ್ದು," ಅಂದೆ.

"ಬೇಕಂತ ಮೂಸಿದ್ದೋ, ಟವೆಲ್ ಜಾರಿದ್ದೋ?"

ಸ್ವಲ್ಪ ಯೋಚಿಸಿದೆ. "ಟವೆಲ್ ಜಾರಿದ್ದು ನಿಜ. ಆಮೇಲೆ ಬೇಕಂತ."

ಅವಳು ಆ ಒಂದು ಹೂವನ್ನು ಎತ್ತಿ ಬೇರೆ ಇಟ್ಟಳು. ಉಳಿದ ಬುಟ್ಟಿಯನ್ನು ಕೆದಕಿ ನೋಡಲಿಲ್ಲ, ಇನ್ನೊಂದು ಪ್ರಶ್ನೆ ಕೇಳಲಿಲ್ಲ, ಹಾಗೇ ಅಮ್ಮನ ಗುಡಿಗೆ ತೆಗೆದುಕೊಂಡು ಹೋದಳು. ಪೂಜೆ ಮುಗಿಸಿ ಬಂದಾಗ ಆ ಮಲ್ಲಿಗೆ ಅವಳ ಜಡೆಯಲ್ಲಿತ್ತು. ಹರಕೆ ಹೊತ್ತ ಮೇಲೆ ಹಿತ್ತಲಿನ ಹೂವು ಅವಳ ತಲೆಯಲ್ಲಿ ಕಂಡದ್ದು ಅದೇ ಮೊದಲು.

"ಹರಕೆ?" ಅಂದೆ.

"ಅಮ್ಮಂಗೆ ಬಾರದ್ದು, ಎಸೆಯಾಕೆ ಆಗ್ತೈತಾ? ತಾಳ್ಯದ ಅಜ್ಜಿ ಮುಡಿಬೌದು, ನಾನು ಮುಡಿಬಾರ್ದಾ?" ಅಂದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು ಮತ್ತೆ ತಿರುಗಿದಳು. "ದಿನಾ ಒಂದು ಜಾರ್ಲಿ, ಅಡ್ಡಿಯಿಲ್ಲ. ಮಲ್ಲಿಗೆ ಗಿಡದಾಗೆ ಮಾತ್ರ. ಸೇವಂತಿಗೆ ಕಡೆ ಜಾರಿದ್ರೆ ಆ ಫೋನು ಮೊಮ್ಮಗಳಿಗೆ ಕೊಟ್ಟುಬಿಡ್ತೀನಿ."